ಪ್ರಸೂತಿಯೂ ಶ್ರೋಣಿತಳದ ವ್ಯಾಯಾಮವೂ: ಒಂದು ಚಾರಿತ್ರಿಕ ನಿರೂಪಣೆ

ಪೀಠಿಕೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಬಸುರಿ ಬಾಣಂತಿಯರ ಅಂಗಸಾಧನೆಯನ್ನು ಕುರಿತ ಲೇಖನವೊಂದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಶಾಸನ, ರಾಜವಂಶ, ಭೂಕಂದಾಯಗಳು ನಮಗೆ ಪರಿಚಿತವಾದ ವಿಷಯಗಳು. ಆದರೆ ಮನುಷ್ಯರು ತಮ್ಮ ದೇಹವನ್ನು ಹೇಗೆ ಅರಿತುಕೊಂಡರು, ಯಾವ ನೋವನ್ನು ಚಿಕಿತ್ಸೆಗೆ ಅರ್ಹವೆಂದು ಎಣಿಸಿದರು, ಯಾವುದನ್ನು ಸಹಿಸತಕ್ಕದ್ದೆಂದು ಬಿಟ್ಟುಬಿಟ್ಟರು ಎಂಬುದೂ ಚರಿತ್ರೆಯೇ. ಈ ಲೇಖನಕ್ಕೆ ಪ್ರೇರಣೆ ದೊರೆತದ್ದು ಗ್ರಂಥಾಲಯದಲ್ಲಲ್ಲ, ನಮ್ಮ ಮನೆಯಲ್ಲಿಯೇ. ಹತ್ತಿರದ ಬಂಧುಗಳೊಬ್ಬರು ಮೂರನೆಯ ಹೆರಿಗೆಯಾದಂದಿನಿಂದ ಮದುವೆ, ಜಾತ್ರೆ, ದೂರದ ಬಸ್ಸಿನ ಪ್ರಯಾಣಗಳೆಲ್ಲವನ್ನೂ ಒಂದೊಂದಾಗಿ ಬಿಟ್ಟುಬಿಟ್ಟಿದ್ದರು. ಕೆಮ್ಮಿದರೆ, ನಕ್ಕರೆ, ಕೊಡವೆತ್ತಿದರೆ ಅವರಿಗೆ ಮೂತ್ರ ನಿಲ್ಲುತ್ತಿರಲಿಲ್ಲವೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮನೆಯ ಹಿರಿಯ ಹೆಂಗಸರನ್ನು ವಿಚಾರಿಸಿದಾಗ ಬಂದ ಉತ್ತರ ಒಂದೇ: 'ಹೆತ್ತವಳಿಗೆ ಇದೆಲ್ಲ ಇದ್ದದ್ದೇ.'

ಈ ಮಾತು ನಿಜವೆ? ಈ ಪ್ರಶ್ನೆಗೆ ಕಳೆದ ಒಂದೂವರೆ ಶತಮಾನದಲ್ಲಿ ಬೇರೆ ಬೇರೆ ದೇಶಗಳಲ್ಲಿ ಉತ್ತರವನ್ನು ಹುಡುಕಿದವರ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸುವುದು ನಮ್ಮ ಉದ್ದೇಶ. ನಾವು ವೈದ್ಯರಲ್ಲ. ಆದ್ದರಿಂದ ಇಲ್ಲಿ ಚಿಕಿತ್ಸೆಯನ್ನು ವಿಧಿಸುವ ಸಾಹಸವನ್ನು ಮಾಡದೆ, ಒಂದು ಜ್ಞಾನವು ಹೇಗೆ ಹುಟ್ಟಿ, ಹೇಗೆ ಬೆಳೆದು, ಎಲ್ಲಿ ಸೊರಗಿತೆಂಬುದನ್ನು ಮಾತ್ರ ಹೇಳುತ್ತೇವೆ.

ಶ್ರೋಣಿತಳವೆಂದರೇನು

ವಿಷಯದ ತಿಳಿವಳಿಕೆಗಾಗಿ ಮೊದಲು ಶರೀರರಚನೆಯನ್ನು ಕುರಿತು ನಾಲ್ಕು ಮಾತು ಅವಶ್ಯ. ಸೊಂಟದ ಮೂಳೆಗಳು ಕೂಡಿ ಉಂಟಾದ ಕುಹರಕ್ಕೆ ಶ್ರೋಣಿ ಎಂದು ಹೆಸರು. ಇದು ತಳವಿಲ್ಲದ ಬೋಗುಣಿಯಂತಿದೆ. ಆ ತಳವನ್ನು ಮುಚ್ಚಿರುವುದು ಮೂಳೆಯಲ್ಲ, ಸ್ನಾಯು. ಮುಂದಿನ ಪ್ಯೂಬಿಸ್ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ತೂಗುಹಾಕಿದ ಜೋಲಿಯಂತಿರುವ ಈ ಸ್ನಾಯುಸಮೂಹವನ್ನೇ ನಾವು ಶ್ರೋಣಿತಳ ಎಂದು ಕರೆಯುತ್ತೇವೆ. ವೈದ್ಯರೂ ಫಿಸಿಯೋಥೆರಪಿಸ್ಟರೂ ಇದಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರೂ ಇದರ ಆಧಾರದ ಮೇಲೆ ನಿಂತಿವೆ. ಮೂತ್ರನಾಳ, ಯೋನಿ, ಗುದದ್ವಾರಗಳು ಇದರ ಮೂಲಕವೇ ಹೊರಬರುತ್ತವೆ. ಬಿಗಿಹಿಡಿದು ತಡೆಯುವುದೂ ಸಡಿಲಗೊಂಡು ಬಿಡುವುದೂ, ಎರಡೂ ಈ ಸ್ನಾಯುಗಳ ಕೆಲಸ.

ಗರ್ಭ ಬೆಳೆದಂತೆಲ್ಲ ಭಾರ ಇವುಗಳ ಮೇಲೆ ಬೀಳುತ್ತದೆ. ಹೊಟ್ಟೆಯ ಮುಂಭಾಗದ ಸ್ನಾಯುಗಳು ಹಿಗ್ಗಿ ನಡುವೆ ಅಗಲುತ್ತವೆ, ಬೆನ್ನಿನ ಬಾಗು ಬದಲಾಗುತ್ತದೆ, ಸೊಂಟದ ಕೀಲುಗಳಲ್ಲಿ ಹಲವರಿಗೆ ನೋವು ಕಾಣಿಸಿಕೊಳ್ಳುತ್ತದೆ. ಪ್ರಸವಕಾಲದಲ್ಲಿಯಂತೂ ಶ್ರೋಣಿತಳದ ಒಳಅಂಚಿನ ಸ್ನಾಯುತಂತುಗಳು ತಮ್ಮ ಸಹಜವಾದ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಎಳೆಯಲ್ಪಡುತ್ತವೆಂದು 2004ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಪ್ಯೂಟರ್ ಮಾದರಿಯ ಮೂಲಕ ತೋರಿಸಿದರು. ದೇಹದ ಬೇರಾವ ಸ್ನಾಯುವಾದರೂ ಇಷ್ಟು ಎಳೆತಕ್ಕೆ ಸಿಕ್ಕಿದ್ದರೆ ಅದಕ್ಕೆ ಶುಶ್ರೂಷೆ ಬೇಕೆಂಬುದರಲ್ಲಿ ಯಾರಿಗೂ ಸಂಶಯವಿರುತ್ತಿರಲಿಲ್ಲ. ಈ ಸ್ನಾಯು ಕಣ್ಣಿಗೆ ಕಾಣದು, ಅದನ್ನು ಕುರಿತು ಮಾತನಾಡಲು ಸಂಕೋಚ. ಈ ಎರಡು ಕಾರಣಗಳಿಂದಲೇ ಅದು ಉಪೇಕ್ಷೆಗೆ ಗುರಿಯಾಯಿತು. ಶಸ್ತ್ರಕ್ರಿಯೆಯ ಮೂಲಕ ಹೆತ್ತವರಿಗೆ ಈ ತೊಂದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಒಂಬತ್ತು ತಿಂಗಳ ಭಾರವನ್ನು ಅವರೂ ಹೊತ್ತವರೇ ಅಲ್ಲವೆ?

ಸ್ವೀಡನ್ನಿನ ಮೂಲ

ಔಷಧ ಶಸ್ತ್ರಗಳಿಲ್ಲದೆ ಚಲನೆಯಿಂದಲೇ ರೋಗವನ್ನು ಗುಣಪಡಿಸಬಹುದೆಂಬ ಭಾವನೆಗೆ ಯೂರೋಪಿನಲ್ಲಿ ವ್ಯವಸ್ಥಿತ ರೂಪವನ್ನು ಕೊಟ್ಟವರು ಸ್ವೀಡನ್ನಿನವರು. 1813ರಲ್ಲಿ ಪೇರ್ ಹೆನ್ರಿಕ್ ಲಿಂಗ್ ಎಂಬಾತನು ಸ್ಟಾಕ್‌ಹೋಮಿನಲ್ಲಿ ಸರ್ಕಾರದ ಆಶ್ರಯದಿಂದ ಅಂಗಸಾಧನೆಯ ಕೇಂದ್ರಸಂಸ್ಥೆಯನ್ನು ಸ್ಥಾಪಿಸಿದನು. ಅದೇ ಪರಂಪರೆಗೆ ಸೇರಿದ ಥೂರೆ ಬ್ರಾಂಟ್ (1819-1895) ವೈದ್ಯನಲ್ಲ, ಸೈನ್ಯಾಧಿಕಾರಿ. 1860ರ ದಶಕದಿಂದ ಆತನು ಗರ್ಭಕೋಶ ಜಾರಿದ ಸ್ತ್ರೀಯರಿಗೆ ಅಂಗಮರ್ದನವನ್ನೂ ವ್ಯಾಯಾಮವನ್ನೂ ಕೂಡಿಸಿದ ಚಿಕಿತ್ಸೆಯನ್ನು ನಡೆಸಿದನು. 1886ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಪ್ರಾಧ್ಯಾಪಕ ಶುಲ್ಟ್ಸೆಯವರ ಸಮಕ್ಷಮದಲ್ಲಿ ಅವನ ವಿಧಾನದ ಪರೀಕ್ಷೆ ನಡೆಯಿತು. ವೈದ್ಯಕೀಯ ಪದವಿಯಿಲ್ಲದ ಒಬ್ಬನ ಪದ್ಧತಿಯನ್ನು ವಿಶ್ವವಿದ್ಯಾನಿಲಯವೊಂದು ಪರೀಕ್ಷೆಗೆ ಅಂಗೀಕರಿಸಿದ್ದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಬ್ರಾಂಟನ ಅಂಗಮರ್ದನವು ಕಾಲಕ್ರಮದಲ್ಲಿ ಹಿಂದೆ ಸರಿಯಿತು. ಆದರೆ ಈ ಭಾಗದ ಸ್ನಾಯುಗಳಿಗೆ ವ್ಯಾಯಾಮದಿಂದ ಬಲ ತರಬಹುದೆಂಬ ಅಭಿಪ್ರಾಯ ಉಳಿದುಕೊಂಡಿತು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ

ಈ ಜ್ಞಾನವು ಪ್ರಸೂತಿಯ ಕೋಣೆಯನ್ನು ಪ್ರವೇಶಿಸಿದ್ದು ಇಂಗ್ಲೆಂಡಿನಲ್ಲಿ, ಅದೂ ಸ್ತ್ರೀಯರ ಕೈಯಿಂದ. 1894ರಲ್ಲಿ ಲಂಡನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ನಡೆಯುತ್ತಿದ್ದ ಅನಾಚಾರಗಳನ್ನು ಕುರಿತು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ತಮ್ಮ ವೃತ್ತಿಯ ಮಾನವನ್ನು ಉಳಿಸಿಕೊಳ್ಳುವ ಸಲುವಾಗಿ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ದಾದಿಯರು ಅದೇ ವರ್ಷ ಶಿಕ್ಷಿತ ಅಂಗಮರ್ದಕಿಯರ ಸಂಘವನ್ನು ಸ್ಥಾಪಿಸಿದರು. ವೈದ್ಯರ ಸೂಚನೆಯಿಲ್ಲದೆ ಚಿಕಿತ್ಸೆ ಮಾಡಕೂಡದೆಂಬುದು ಅವರ ಕಟ್ಟಳೆಗಳಲ್ಲೊಂದು. 1920ರಲ್ಲಿ ರಾಜಸನ್ನದನ್ನು ಪಡೆದ ಈ ಸಂಘವೇ 1944ರಿಂದ ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಅಧಿಕೃತ ಸಂಸ್ಥೆಯಾಗಿ ಈಗಿನ ಹೆಸರಿನಿಂದ ನಡೆದುಬಂದಿದೆ. ನಾಲ್ವರಲ್ಲಿ ಒಬ್ಬರಾದ ರೋಸಲಿಂಡ್ ಪ್ಯಾಜೆಟ್ ಸೂಲಗಿತ್ತಿಯ ವೃತ್ತಿಯಲ್ಲಿಯೂ ನಿಷ್ಣಾತರು. 1902ರ ಕಾಯಿದೆಯ ಮೇರೆಗೆ ತೆರೆದ ಸೂಲಗಿತ್ತಿಯರ ಪಟ್ಟಿಯಲ್ಲಿ ಮೊದಲನೆಯ ಹೆಸರು ಅವರದು. ಹೆರಿಗೆಯ ಕೆಲಸವೂ ಅಂಗಸಾಧನೆಯ ಕೆಲಸವೂ ಒಂದೇ ಕೈಯಲ್ಲಿ ಕೂಡಿದ್ದುದನ್ನು ನಾವು ಇಲ್ಲಿ ವಿಶೇಷವಾಗಿ ಗಮನಿಸಬೇಕು.

1912ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಸೂತಿ ವೈದ್ಯ ಫೇರ್‌ಬೇರ್ನ್ ಅವರು ಅಲ್ಲಿಯ ಅಂಗಮರ್ದನ ಶಾಲೆಯ ಮುಖ್ಯಸ್ಥೆ ಮಿನ್ನಿ ರಾಂಡೆಲ್ ಅವರನ್ನು ಕರೆದು, ಬಾಣಂತಿಯರ ದೇಹವನ್ನು ಪೂರ್ವಸ್ಥಿತಿಗೆ ತರತಕ್ಕ ವ್ಯಾಯಾಮಕ್ರಮವೊಂದನ್ನು ರಚಿಸಬೇಕೆಂದು ಕೇಳಿಕೊಂಡರು. ಹೆತ್ತವಳು ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಾಸಿಗೆಯ ಮೇಲೆ ಅಲುಗಾಡದೆ ಮಲಗಿರಬೇಕೆಂಬುದು ಆಗಿನ ರೂಢಿ. ಅಂಥ ಕಾಲದಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ಮಾಡಬಹುದಾದ ಚಲನೆಗಳನ್ನು ರಾಂಡೆಲ್ ಕಲಿಸತೊಡಗಿದರು. ಈಕೆಯೂ ದಾದಿ, ಸೂಲಗಿತ್ತಿ, ಅಂಗಸಾಧನೆಯ ಶಿಕ್ಷಕಿ, ಮೂರೂ ಆಗಿದ್ದವರು. ಇವರ ಶಾಲೆಯಲ್ಲಿ ಕಲಿತು 1930ರಲ್ಲಿ ಉತ್ತೀರ್ಣರಾದವರಲ್ಲಿ ಮಾರ್ಗರೆಟ್ ಮಾರಿಸ್ (1891-1980) ಒಬ್ಬರು. ಮಾರಿಸ್ ಅದಕ್ಕೆ ಮೊದಲೇ ನರ್ತಕಿಯೆಂದು ಪ್ರಸಿದ್ಧಿ ಪಡೆದಿದ್ದರು. ಉಸಿರು, ಲಯ, ಚಲನೆಗಳ ಸಂಬಂಧವನ್ನು ನರ್ತನದಿಂದ ಬಲ್ಲ ಅವರು ರಾಂಡೆಲ್ ಅವರೊಡನೆ ಸೇರಿ ಪ್ರಸೂತಿಯ ಮತ್ತು ಶಸ್ತ್ರಕ್ರಿಯೆಯ ಅನಂತರದ ವ್ಯಾಯಾಮಗಳನ್ನು ಕುರಿತ ಪುಸ್ತಕವನ್ನು 1936ರಲ್ಲಿ ಪ್ರಕಟಿಸಿದರು. ಶ್ರೋಣಿತಳದ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ಕ್ರಮವನ್ನು ಬ್ರಿಟನ್ನಿನ ಫಿಸಿಯೋಥೆರಪಿಸ್ಟರಿಗೆ ಪರಿಚಯಿಸಿದ ಕೀರ್ತಿ ಮಾರಿಸ್ ಅವರಿಗೆ ಸಲ್ಲುತ್ತದೆ. 1948ರಲ್ಲಿ ಈ ವೃತ್ತಿಯವರು ಪ್ರಸೂತಿಗೆಂದೇ ಪ್ರತ್ಯೇಕ ಸಂಘವನ್ನು ಕಟ್ಟಿಕೊಂಡರು.

ಕಾಶ್ಮೀರದ ಸಾಕ್ಷ್ಯ

ಲಂಡನ್ನಿನ ಈ ಬೆಳವಣಿಗೆಗೂ ಭಾರತಕ್ಕೂ ಒಂದು ಸಂಬಂಧವುಂಟು. ಶ್ರೀನಗರದಲ್ಲಿ ಸ್ತ್ರೀಯರಿಗೆ ಚಿಕಿತ್ಸೆ ಮಾಡುತ್ತಿದ್ದ ಆಂಗ್ಲ ವೈದ್ಯೆ ಕ್ಯಾಥ್ಲೀನ್ ವಾನ್, ಪರದೆಯ ಮರೆಯಲ್ಲಿ ಬಿಸಿಲು ಕಾಣದೆ ಬದುಕುವ ಸ್ತ್ರೀಯರಿಗೂ ದೋಣಿಗಳ ಮೇಲೆ ಬಯಲಿನಲ್ಲಿ ದುಡಿಯುವ ಸ್ತ್ರೀಯರಿಗೂ ಪ್ರಸವದಲ್ಲಿದ್ದ ವ್ಯತ್ಯಾಸವನ್ನು ಕಂಡರು. ಮೊದಲನೆಯವರಲ್ಲಿ ಮೂಳೆ ಮೆತ್ತಗಾಗುವ ರೋಗದಿಂದ ಶ್ರೋಣಿಯ ಆಕಾರವೇ ಕೆಟ್ಟು ಹೆರಿಗೆ ಪ್ರಾಣಾಂತಿಕವಾಗುತ್ತಿತ್ತು. ಬೆಳಕಿನ ಅಭಾವವೇ ಇದಕ್ಕೆ ಕಾರಣವೆಂದು ಆಕೆ 1928ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ, ಗರ್ಭಿಣಿಯು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದು, ಚಕ್ಕಳಮಕ್ಕಳ ಹಾಕುವುದು, ಸೊಂಟವನ್ನು ಸಡಿಲವಾಗಿ ಆಡಿಸುವುದು ಮುಂತಾದ ಅಭ್ಯಾಸಗಳನ್ನು ಮಾಡಬೇಕೆಂದು ಪ್ರಚಾರ ಮಾಡಿದರು. ರಾಂಡೆಲ್ ಅವರ ಗರ್ಭಿಣಿಯರ ಪಾಠಗಳಲ್ಲಿ ಇವರ ವಿಚಾರಗಳ ಪ್ರಭಾವವನ್ನು ಕಾಣಬಹುದು. ಹೆರಿಗೆಯ ಅನಂತರದ ಚಿಕಿತ್ಸೆಯಾಗಿ ಆರಂಭವಾದದ್ದು ಹೀಗೆ ಹೆರಿಗೆಗೆ ಮೊದಲಿನ ಸಿದ್ಧತೆಯೂ ಆಯಿತು.

ಈ ಸಾಕ್ಷ್ಯವನ್ನು ಚರಿತ್ರಕಾರನು ಎಚ್ಚರಿಕೆಯಿಂದ ಬಳಸಬೇಕು. ಬಿಸಿಲಿಲ್ಲದೆ ವಿಟಮಿನ್ ಡಿ ಕೊರತೆಯುಂಟಾಗಿ ಮೂಳೆ ಮೆತ್ತಗಾಗುವುದೆಂಬುದು ಸಿದ್ಧವಾದ ಸಂಗತಿ. ಆದರೆ ಬಯಲಿನಲ್ಲಿ ದುಡಿಯುವವರಿಗೆ ಹೆರಿಗೆ ಸುಲಭವೆಂಬ ಮಾತನ್ನು ಹಾಗೆಯೇ ಒಪ್ಪಿಕೊಂಡರೆ, ಹೆತ್ತ ಮರುವಾರವೇ ಹೊಲದ ಕೆಲಸಕ್ಕೆ ಹೋಗಿ ಗರ್ಭಕೋಶ ಜಾರಿಸಿಕೊಂಡ ಬಡ ಹೆಂಗಸರ ಯಾತನೆಯನ್ನು ನಾವು ಮರೆತಂತಾಗುತ್ತದೆ. ದುಡಿಮೆ ಬೇರೆ, ವ್ಯಾಯಾಮ ಬೇರೆ.

ಕೆಗೆಲ್‌ನ ಹೆಸರು, ಕೆಗೆಲ್‌ನ ಪಾಠ

1948ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ತ್ರೀರೋಗತಜ್ಞ ಆರ್ನಲ್ಡ್ ಕೆಗೆಲ್ ಪ್ರಕಟಿಸಿದ ಪ್ರಬಂಧದಿಂದ ಈ ವಿಷಯಕ್ಕೆ ಜಗತ್ಪ್ರಸಿದ್ಧಿ ಬಂದಿತು. ಈಗಲೂ ಈ ವ್ಯಾಯಾಮಕ್ಕೆ ಅವನ ಹೆಸರೇ ಬಳಕೆಯಲ್ಲಿದೆ. ಸೇಂಟ್ ಥಾಮಸ್ ಆಸ್ಪತ್ರೆಯ ಸ್ತ್ರೀಯರ ಕಾರ್ಯ ಅದಕ್ಕೆ ಹನ್ನೆರಡು ವರ್ಷ ಮೊದಲೇ ಗ್ರಂಥರೂಪದಲ್ಲಿ ಬಂದಿತ್ತೆಂಬುದು ಬಹುಮಂದಿಗೆ ತಿಳಿಯದು. ಆದರೆ ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವ ಅನ್ಯಾಯ ಬೇರೊಂದಿದೆ. ಲೋಕವು ಕೆಗೆಲ್‌ನ ಹೆಸರನ್ನು ಉಳಿಸಿಕೊಂಡು ಅವನ ಪಾಠವನ್ನು ಕಳೆದುಕೊಂಡಿತು.

ಕೆಗೆಲ್ ಮಾಡಿದ್ದೇನು? ಮೊದಲು ಪ್ರತಿಯೊಬ್ಬ ರೋಗಿಯನ್ನೂ ಪರೀಕ್ಷಿಸಿ, ಯಾವ ಸ್ನಾಯುವನ್ನು ಬಿಗಿಯಬೇಕೆಂಬುದನ್ನು ಅವಳಿಗೇ ಅರಿವಾಗುವಂತೆ ಕೈಯಾರೆ ತೋರಿಸುತ್ತಿದ್ದನು. ಆಮೇಲೆ ತಾನೇ ರಚಿಸಿದ ಪೆರಿನಿಯೋಮೀಟರ್ ಎಂಬ ಉಪಕರಣವನ್ನು ಕೊಡುತ್ತಿದ್ದನು. ಯೋನಿಯಲ್ಲಿ ಇರಿಸುವ ಒಂದು ರಬ್ಬರಿನ ಗಾಳಿಚೀಲ, ಅದಕ್ಕೆ ನಳಿಕೆಯ ಮೂಲಕ ಸೇರಿಸಿದ ಒತ್ತಡಮಾಪಕ, ಇಷ್ಟೇ ಅದರ ರಚನೆ. ಸ್ನಾಯು ಬಿಗಿದಾಗ ಮುಳ್ಳು ಮೇಲೇರುವುದನ್ನು ಹೆಂಗಸು ತನ್ನ ಕಣ್ಣಿನಿಂದಲೇ ನೋಡುತ್ತಿದ್ದಳು. ಕಾಣದ ಸ್ನಾಯು ಹೀಗೆ ಕಾಣುವಂತಾಯಿತು. ದಿನಕ್ಕೆ ಮೂರು ಸಲ, ಪ್ರತಿಸಲವೂ 20 ನಿಮಿಷ ಅಭ್ಯಾಸ, ನಡುನಡುವೆ ಮರುಪರೀಕ್ಷೆ, ಇದು ಅವನ ಕ್ರಮ. ಕಾಲಾನಂತರದಲ್ಲಿ ಪರೀಕ್ಷೆಯೂ ಉಪಕರಣವೂ ಮರುಭೇಟಿಯೂ ಬಿಟ್ಟುಹೋಗಿ, 'ಬಿಗಿಹಿಡಿಯಿರಿ, ಬಿಡಿರಿ' ಎಂಬ ಒಂದು ಸಾಲಿನ ಉಪದೇಶವನ್ನು ಬಾಣಂತಿಯ ಕೈಗೆ ಅಚ್ಚಿನ ಚೀಟಿಯಲ್ಲಿ ಕೊಟ್ಟು ಕಳುಹಿಸುವುದು ಎಷ್ಟೋ ಕಡೆ ರೂಢಿಯಾಯಿತು.

ಇದರ ಫಲವೇನೆಂಬುದನ್ನು 1991ರಲ್ಲಿ ಬಂಪ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪರೀಕ್ಷಿಸಿದರು. 47 ಮಂದಿ ಸ್ತ್ರೀಯರಿಗೆ ಸಂಕ್ಷೇಪವಾಗಿ ಬಾಯಿಮಾತಿನ ಸೂಚನೆಯನ್ನು ಕೊಟ್ಟು ನೋಡಿದಾಗ ಸರಿಯಾಗಿ ಬಿಗಿದವರು ಶೇಕಡಾ 49 ಮಾತ್ರ. ಶೇಕಡಾ 25 ಮಂದಿ ಮಾಡಿದ ಪ್ರಯತ್ನವು ತೊಂದರೆಯನ್ನು ಹೆಚ್ಚಿಸುವಂತಹುದಾಗಿತ್ತು. ಮೇಲಕ್ಕೆ ಸೆಳೆದುಕೊಳ್ಳಬೇಕಾದಲ್ಲಿ ಕೆಳಕ್ಕೆ ಮುಕ್ಕುವುದು ಇಂಥ ತಪ್ಪುಗಳಲ್ಲಿ ಮುಖ್ಯವಾದುದು. ಗುರುವಿಲ್ಲದ ವಿದ್ಯೆಯೆಂದರೆ ಇದೇ.

ಪರೀಕ್ಷೆಗೊಳಗಾದ ಜ್ಞಾನ

ಒಳ್ಳೆಯ ಗುರುವಿದ್ದರೆ ಏನಾಗುವುದೆಂಬುದಕ್ಕೂ ಪ್ರಮಾಣವಿದೆ. ನಾರ್ವೆ ದೇಶದ ಟ್ರೊಂಡ್‌ಹೈಮ್‌ನಲ್ಲಿ ಮೋರ್ಕ್‌ವೆಡ್, ಬೂ ಮೊದಲಾದವರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೊಚ್ಚಲ ಬಸುರಿಯರು 301 ಮಂದಿ ಇದ್ದರು. ಅವರಲ್ಲಿ ಒಂದು ಪಂಗಡದವರು 12 ವಾರಗಳ ಕಾಲ, ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟರ ಮುಂದೆ ಗುಂಪಾಗಿ ಸೇರಿಯೂ, ಉಳಿದ ದಿನಗಳಲ್ಲಿ ಮನೆಯಲ್ಲಿಯೂ ಅಭ್ಯಾಸ ಮಾಡಿದರು. ಹೆರಿಗೆಯಾದ ಮೂರು ತಿಂಗಳಿಗೆ ಇವರಲ್ಲಿ ಮೂತ್ರ ಸೋರುವಿಕೆಯನ್ನು ಹೇಳಿಕೊಂಡವರು ಶೇಕಡಾ 20, ಮತ್ತೊಂದು ಪಂಗಡದಲ್ಲಿ ಶೇಕಡಾ 32. 2020ರ ಕಾಕ್ರೇನ್ ಸಮೀಕ್ಷೆಯು 21 ದೇಶಗಳ 46 ಪ್ರಯೋಗಗಳನ್ನು, 10,832 ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಸೋರುವಿಕೆಯಿಲ್ಲದ ಗರ್ಭಿಣಿಯರು ಬಸುರಿನ ಮೊದಲ ತಿಂಗಳುಗಳಲ್ಲೇ ಕ್ರಮವಾದ ಅಭ್ಯಾಸವನ್ನಾರಂಭಿಸಿದರೆ ಬಸುರಿನ ಕೊನೆಯಲ್ಲಿಯೂ, ಹೆರಿಗೆಯಾದ ಮೂರರಿಂದ ಆರು ತಿಂಗಳಲ್ಲಿಯೂ ತೊಂದರೆ ಕಡಮೆಯಾಗುವುದೆಂದು ಅದು ನಿರ್ಣಯಿಸಿತು. ಆದರೆ ಆಗಲೇ ತೊಂದರೆಯುಳ್ಳ ಗರ್ಭಿಣಿಯರಿಗೆ ಇದರಿಂದಾಗುವ ಉಪಕಾರ ಅಷ್ಟು ನಿಶ್ಚಿತವಲ್ಲವೆಂದೂ ಅದೇ ಸಮೀಕ್ಷೆ ಒಪ್ಪಿಕೊಂಡಿದೆ. ಮನೆಗೆ ಬೆಂಕಿ ಬೀಳುವ ಮೊದಲೇ ಬಾವಿ ತೋಡಬೇಕೆಂಬ ಲೋಕೋಕ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಜ್ಞಾನವನ್ನು ಕೆಲವು ದೇಶಗಳು ಸಾರ್ವಜನಿಕ ವ್ಯವಸ್ಥೆಯ ಅಂಗವಾಗಿ ಮಾಡಿಕೊಂಡಿವೆ. ಫ್ರಾನ್ಸಿನಲ್ಲಿ ಬಾಣಂತಿಯರಿಗೆ ಶ್ರೋಣಿತಳದ ಶಿಕ್ಷಣದ ವೆಚ್ಚವನ್ನು ಸಾಮಾಜಿಕ ವಿಮೆಯೇ ಭರಿಸುತ್ತದೆ. ಅಮೆರಿಕದಲ್ಲಿ ಎಲಿಜಬೆತ್ ನೋಬಲ್ ಅವರ ಪ್ರಯತ್ನದಿಂದ 1977ರಲ್ಲಿ ಅಲ್ಲಿಯ ಫಿಸಿಕಲ್ ಥೆರಪಿ ಸಂಸ್ಥೆಯೊಳಗೆ ಪ್ರಸೂತಿ ವಿಭಾಗ ಏರ್ಪಟ್ಟಿತು.

ಇಂದಿನ ಚಿಕಿತ್ಸಾಕ್ರಮ

ಶ್ರೋಣಿತಳದ ಫಿಸಿಯೋಥೆರಪಿಸ್ಟರು ಮೊದಲು ಮಾಡುವ ಕೆಲಸ ಕೇಳುವುದು. ಹೆರಿಗೆಗಳೆಷ್ಟು, ಹೇಗೆ ಆದವು, ಹೊಲಿಗೆ ಬಿದ್ದಿತ್ತೆ, ನೋವೆಲ್ಲಿ, ಮಲಮೂತ್ರಗಳ ಸ್ಥಿತಿಯೇನು ಎಂಬ ವೃತ್ತಾಂತವನ್ನು ತಿಳಿದು, ಸ್ತ್ರೀಯ ಒಪ್ಪಿಗೆಯಿದ್ದರೆ ಮಾತ್ರ ಪರೀಕ್ಷಿಸುತ್ತಾರೆ. ಅನಂತರ ಪಾಠ. ಅಪಾನವಾಯುವನ್ನೂ ಮೂತ್ರವನ್ನೂ ಏಕಕಾಲಕ್ಕೆ ತಡೆಯುವಂತೆ ಒಳಸ್ನಾಯುವನ್ನು ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿಯಾಗಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ಪಿರ್ರೆ ತೊಡೆಗಳನ್ನು ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಕೂಡದು. ಒಂದು ಸರದಿಗೆ 8 ಸಲದಂತೆ ದಿನಕ್ಕೆ 3 ಸರದಿ, ಕಡೆಯ ಪಕ್ಷ 3 ತಿಂಗಳು ಮಾಡಬೇಕೆಂಬುದು ಸೋರುವಿಕೆಗೆ ಬ್ರಿಟನ್ನಿನ ಸಾಮಾನ್ಯ ನಿಯಮ. ಎಲ್ಲರಿಗೂ ಬಿಗಿತವೇ ಬೇಕೆಂದಿಲ್ಲ. ಸ್ನಾಯು ಅತಿಯಾಗಿ ಬಿಗಿದಿರುವುದರಿಂದಲೇ ನೋವುಂಟಾದವರಿಗೆ ಮೊದಲು ಕಲಿಸಬೇಕಾದದ್ದು ಸಡಿಲಿಸುವುದನ್ನು. ಬೆನ್ನು ಸೊಂಟಗಳ ನೋವು, ಹೊಟ್ಟೆಯ ಸ್ನಾಯುಗಳ ಅಗಲಿಕೆ, ಕೂಸನ್ನು ಎತ್ತಿಕೊಳ್ಳುವ ಮತ್ತು ಮಲಗಿಸುವ ಸರಿಯಾದ ಭಂಗಿ ಇವೂ ಇದೇ ಚಿಕಿತ್ಸೆಯ ಭಾಗಗಳು. ಜ್ವರ, ಅತಿಯಾದ ರಕ್ತಸ್ರಾವ, ಮೂತ್ರ ಕಟ್ಟುವುದು ಮೊದಲಾದವುಗಳಿದ್ದರೆ ವ್ಯಾಯಾಮದ ಮಾತನ್ನು ಬಿಟ್ಟು ತತ್‌ಕ್ಷಣ ವೈದ್ಯರನ್ನು ಕಾಣಬೇಕು.

ಬಾಣಂತನವೂ ಕುಟುಂಬವೂ

ನಮ್ಮ ನಾಡಿನ ಬಾಣಂತನದ ಪದ್ಧತಿಯಲ್ಲಿ ಮೆಚ್ಚತಕ್ಕ ಅಂಶಗಳು ಅನೇಕ. ತವರಿನ ಆರೈಕೆ, ವಿಶ್ರಾಂತಿ, ಎಣ್ಣೆನೀರು, ಪಥ್ಯದ ಊಟ, ಎಲ್ಲಕ್ಕಿಂತ ಮಿಗಿಲಾಗಿ ಹೆತ್ತವಳು ಕೆಲವು ಕಾಲವಾದರೂ ದುಡಿಯಬೇಕಾಗಿಲ್ಲವೆಂಬ ಸಾಮಾಜಿಕ ಅನುಮತಿ, ಇವನ್ನು ಹಳೆಯದೆಂದು ತಳ್ಳಿಹಾಕುವುದು ಅವಿವೇಕ. ಆದರೆ ಈ ಆರೈಕೆಯೆಲ್ಲವೂ ಕಾಣುವ ದೇಹಕ್ಕೆ ಸಲ್ಲುತ್ತದೆ. ಹೊಟ್ಟೆ ಇಳಿಯಲೆಂದು ಬಟ್ಟೆ ಕಟ್ಟುತ್ತೇವೆ. ಕಟ್ಟಿನಿಂದ ಆಸರೆ ಸಿಕ್ಕೀತೇ ಹೊರತು ತಳದ ಸ್ನಾಯುವಿಗೆ ಬಲ ಬಾರದು. ಕಾಣದ ಭಾಗವನ್ನು ಕುರಿತು ಕೇಳುವವರೇ ಇಲ್ಲ. ಬಾಣಂತನ ಮುಗಿದು ಗಂಡನ ಮನೆಗೆ ಬಂದ ದಿನದಿಂದಲೇ ನೀರಿನ ಕೊಡ, ಅಕ್ಕಿಯ ಮೂಟೆಗಳೂ ಮೊದಲಾಗುತ್ತವೆ. ಭಾರವನ್ನೆತ್ತುವ ಕೆಲಸವನ್ನು ಗಂಡನಾದವನು ವಹಿಸಿಕೊಳ್ಳುವುದು, ಅಭ್ಯಾಸಕ್ಕೆ ದಿನಕ್ಕೆ ಕಾಲುಗಂಟೆಯ ಬಿಡುವನ್ನು ಅತ್ತೆಯಾದವಳು ಒದಗಿಸಿಕೊಡುವುದು, ಮಲಬದ್ಧತೆಯಾಗದಂತೆ ಆಹಾರವನ್ನು ನೋಡಿಕೊಳ್ಳುವುದು, ಇವು ಔಷಧಾಲಯದಲ್ಲಿ ದೊರೆಯುವ ಚಿಕಿತ್ಸೆಗಳಲ್ಲ.

ಕುಟುಂಬಕ್ಕೆ ಇದಕ್ಕಿಂತಲೂ ಆಳವಾದ ಇನ್ನೊಂದು ಪಾತ್ರವಿದೆ. 2021ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯು ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಒಂದು ಸಲಹೆ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯಿತು. ತಾಯಿ, ಅಕ್ಕತಂಗಿಯರೇ ಮೊದಲಾದ ಅತಿ ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಶ್ರೋಣಿತಳದ ತೊಂದರೆಯಿದ್ದರೆ, ಅಂಥ ಗರ್ಭಿಣಿಗೆ 20ನೆಯ ವಾರದಿಂದ ಮೂರು ತಿಂಗಳ ಕಾಲ ಮೇಲ್ವಿಚಾರಣೆಯುಳ್ಳ ಅಭ್ಯಾಸವನ್ನು ಕೊಡುವುದನ್ನು ಪರಿಶೀಲಿಸಬೇಕು ಎಂಬುದೇ ಆ ಸಲಹೆ. ಇದು ಫಲಿಸಬೇಕಾದರೆ ಗರ್ಭಿಣಿಗೆ ತನ್ನ ತಾಯಿಯ ವೃತ್ತಾಂತ ತಿಳಿದಿರಬೇಕಷ್ಟೆ? ತಾಯಿ ಬಾಯಿಬಿಡದಿದ್ದರೆ ಮಗಳಿಗೆ ತಿಳಿಯುವ ಬಗೆ ಯಾವುದು?

ಉಪಸಂಹಾರ

ಮೇಲಿನ ವಿವರಣೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಈ ವಿದ್ಯೆ ಆರಂಭದಿಂದಲೂ ಒಬ್ಬರು ಮತ್ತೊಬ್ಬರನ್ನು ನೋಡಿ, ತಿದ್ದಿ, ಮತ್ತೆ ನೋಡಿ ಕಲಿಸಿದ ವಿದ್ಯೆ. ರಾಂಡೆಲ್ ಅವರ ಹಾಸಿಗೆಯ ಪಾಠದಲ್ಲಿಯೂ, ಕೆಗೆಲ್‌ನ ಮಾಪಕದಲ್ಲಿಯೂ, ಟ್ರೊಂಡ್‌ಹೈಮಿನ ವಾರದ ತರಗತಿಯಲ್ಲಿಯೂ ಕಾಣುವುದು ಇದೇ. ಕಲಿಸುವವರನ್ನು ಕಳೆದು ಚೀಟಿಯನ್ನು ಮಾತ್ರ ಉಳಿಸಿಕೊಂಡಾಗ ಅದು ಸೊರಗಿತು. ಆದ್ದರಿಂದ ಹೆರಿಗೆ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟರು ಇರುವುದು ಆಡಂಬರವಲ್ಲ, ಅವಶ್ಯಕತೆ. ಎರಡನೆಯದು, ಲಿಖಿತ ಆಧಾರಗಳಿಗಾಗಿ ದಫ್ತರಗಳನ್ನು ಶೋಧಿಸುವ ನಾವು, ಮನೆಯೊಳಗೆ ಯಾರೂ ಬರೆದಿಡದ, ಯಾರೂ ಕೇಳದ ಒಂದು ಚರಿತ್ರೆ ಅಳಿದುಹೋಗುತ್ತಿರುವುದನ್ನು ಗಮನಿಸುವುದಿಲ್ಲ.

ಪೀಠಿಕೆಯಲ್ಲಿ ಹೇಳಿದ ನಮ್ಮ ಬಂಧುಗಳಿಗೆ ಈಗ ಅರವತ್ತು ದಾಟಿದೆ. ಈ ಲೇಖನಕ್ಕಾಗಿ ಅವರನ್ನು ನಮ್ಮ ಮನೆಯವರು ಮಾತನಾಡಿಸಿದಾಗ, ಮೊದಲು ಸಂಕೋಚಪಟ್ಟರೂ ಆಮೇಲೆ ಎಲ್ಲವನ್ನೂ ಹೇಳಿದರು. ಅವರ ಹಿರಿಯ ಮಗಳು ಆಗ ಐದು ತಿಂಗಳ ಬಸುರಿ, ಪಕ್ಕದಲ್ಲಿಯೇ ಕುಳಿತು ಕೇಳುತ್ತಿದ್ದಳು. ಮುಂದಿನ ವಾರ ಆಸ್ಪತ್ರೆಗೆ ಹೋದಾಗ ಆ ಹುಡುಗಿಯೇ ಮುಂದಾಗಿ ವೈದ್ಯರಿಗೆ ತಾಯಿಯ ವೃತ್ತಾಂತವನ್ನು ತಿಳಿಸಿದಳೆಂದು ಕೇಳಿ ನಮಗೆ ಸಂತೋಷವಾಯಿತು.